ಕಪ್ಪುಕುಳಿಯ ಸದ್ದು ಕೇಳಲು ಹೋಗಿದ್ದೆ

ಮ್ಯಾಂಚೆಸ್ಟರ್ ಸ್ಟೇಶನ್

ಇಂಗ್ಲೆಂಡಿನಲ್ಲಿ ಕಾಲಿಟ್ಟ ಮೊದಲ ದಿನವೇ ನನ್ನನ್ನು ಮೂಗ ಎಂದು ತಿಳಿದರು. ತಪ್ಪು ಅವರದಲ್ಲ. ಮ್ಯಾಂಚೆಸ್ಟರ್ ಸ್ಟೇಶನ್ನಿನಲ್ಲಿ ಗಾಡಿಗಳು ಒಂದರ ಮೇಲೊಂದು ಬಂದು ಗುಡುಗುತ್ತಿದ್ದವು. ಟಿಕೆಟು ನೋಡುವವನ ಹತ್ತಿರ ಹೋಗಿ ನಾನು ಹೋಗಬೇಕಾದ ಊರಿನ ಗಾಡಿ ಯಾವುದೆಂದು ಕೇಳಿದೆ. ಕೇಳಿದೆ ಎಂದು ನಾನು ತಿಳಿದಿದ್ದೆ. ಅವನು ನನ್ನ ಬಾಯಿಯನ್ನೇ ನೋಡಿದ, ಮರುಕದಿಂದ ತಲೆ ಆಡಿಸಿದ, ತೋಳು ಹಿಡಿದು ಬೆಂಚಿನ ಮೇಲೆ ಕೂಡಿಸಿ ಕೈಗೆ ಪೆನ್ಸಿಲ್ ಕೊಟ್ಟ. ಆಗ ಹೊಳೆಯಿತು, ನಾನು ದನಿಯನ್ನೇ ಹೊರಡಿಸಿರಲಿಲ್ಲ.

ಬನಹಟ್ಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣಂದಿನಿಂದ ಪಾವರ್‌ಲೂಮಿನ ನಡುವೆ ಬೆಳೆದವರು ನಾವು. ಮಗ್ಗ ನಡೆದಾಗ ಬಾಜೂಕೆ ನಿಂತವನಿಗೂ ಕೂಗು ಕೇಳಿಸುವುದಿಲ್ಲ. ಅದಕ್ಕೇ ದನಿ ಬಿಟ್ಟು ಬರೀ ತುಟಿಯಿಂದ ಮಾತಾಡುತ್ತೇವೆ, ಜೊತೆಗೆ ಎರಡು ಬೆರಳು, ಒಂದು ಹುಬ್ಬು. ಚಹಾ ತಾ, ನೂಲು ಹರಿದಿದೆ, ಮಾವ ಬಂದಿದ್ದಾನೆ, ಎಲ್ಲ ಅದರಲ್ಲೇ ಆಗುತ್ತದೆ. ಸುತ್ತ ಸದ್ದು ಜೋರಾಯಿತೆಂದರೆ ನಮ್ಮ ದನಿ ತಾನಾಗಿ ನಿಂತುಬಿಡುತ್ತದೆ, ನಿಂತದ್ದು ನಮಗೇ ತಿಳಿಯುವುದಿಲ್ಲ. ಈ ವಿದ್ಯೆಯನ್ನು ಮ್ಯಾಂಚೆಸ್ಟರಿನಲ್ಲಿ ತೋರಿಸಿ ಮಾನ ಕಳೆದುಕೊಂಡೆ.

ಇಷ್ಟಕ್ಕೂ ನಾನು ಹೋದದ್ದು ಯಾಕೆಂದು ಹೇಳಿಬಿಡುತ್ತೇನೆ. ಎಂಬತ್ತರ ದಶಕದ ಮಾತು. ನಾನು ಜಮಖಂಡಿಯ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಿದ್ದೆ. ಮನೆ ಬನಹಟ್ಟಿ, ದಿನಾ ಬಸ್ಸು. ಆ ವರ್ಷ ಮಿರಜದ ಡಾಕ್ಟರು ನನ್ನ ಕಿವಿ ನೋಡಿ, "ಹೋದದ್ದು ತಿರುಗಿ ಬರೂದಿಲ್ಲರಿ ಮಾಸ್ತರ. ಉಳದದ್ದೂ ಹೊಂಟೈತಿ," ಎಂದರು. ಅಷ್ಟರಲ್ಲೇ ಇಂಗ್ಲೆಂಡಿನ ಒಂದು ರೇಡಿಯೋ ದೂರದರ್ಶಕದಲ್ಲಿ ಅಧ್ಯಾಪಕರಿಗಾಗಿ ನಡೆಯುವ ಬೇಸಿಗೆ ಶಿಬಿರಕ್ಕೆ ಕರೆ ಬಂತು. ದೂರದ ಗ್ಯಾಲಕ್ಸಿಯೊಂದರ ನಟ್ಟನಡುವೆ ಕುಳಿತ ಕಪ್ಪುಕುಳಿಯ ಕಡೆಯಿಂದ ಬರುವ ರೇಡಿಯೋ ಅಲೆಗಳನ್ನು ಅಲ್ಲಿ ಸದ್ದು ಮಾಡಿ, ಧ್ವನಿವರ್ಧಕದಲ್ಲಿ ಕೇಳಿಸುತ್ತಾರಂತೆ. ಕಿವಿ ಪೂರಾ ಮುಚ್ಚುವುದರೊಳಗೆ ಅದೊಂದನ್ನು ಕೇಳಿಬಿಡಬೇಕೆಂದು ಹಟ ಹಿಡಿದೆ. ಉಳಿದ ಪಾಠಗೀಠ ಎಲ್ಲ ನೆವ.

ಹೊರಡುವ ಮುಂಜಾನೆ ನಮ್ಮ ಓಣಿಯ ತುದಿ ಮನೆಯ ಮಲ್ಲಪ್ಪಕಾಕಾನ ಕಾಲಿಗೆ ಬಿದ್ದೆ. ನನಗೆ ತುಟಿಮಾತು ಕಲಿಸಿದವನೇ ಅವನು. ಮಗ್ಗದ ಮನೆಯಲ್ಲೇ ಕಿವಿ ಕಳೆದುಕೊಂಡು ಎಷ್ಟೋ ವರ್ಷವಾಗಿತ್ತು, ಪಟಾಕಿ ಹೊಡೆದರೂ ತಿರುಗುತ್ತಿರಲಿಲ್ಲ.

"ಏನಲೇ ಮಾಸ್ತರ, ಅಷ್ಟ ದೂರ ಏನ್ ಕೇಳಾಕ ಹೊಂಟೀ?" ಎಂದು ತುಟಿಯಲ್ಲೇ ಕೇಳಿದ.

"ಕತ್ತಲೀದ ಸದ್ದು, ಕಾಕಾ."

ಅವನು ನಗಲಿಲ್ಲ. "ಬಂದ ಮ್ಯಾಲ ಮೊದಲ ನನಗ ಹೇಳು," ಎಂದ.

ಎಡ್ನಾಬಾಯಿಯ ಮನೆ

ನನಗೆ ಉಳಿಯಲು ಕೊಟ್ಟದ್ದು ಹಳೆಯ ನೇಕಾರರ ಊರೊಂದರಲ್ಲಿ. ಕೆಂಪು ಇಟ್ಟಿಗೆಯ ಮನೆಗಳು ಒಂದಕ್ಕೊಂದು ಭುಜ ಹಚ್ಚಿಕೊಂಡು ನಿಂತಿದ್ದವು, ಥೇಟ್ ನಮ್ಮ ಓಣಿ. ಓಣಿಯ ಕೊನೆಗೆ ಆನೆಯಂಥ ಗಿರಣಿ. ಆದರೆ ಅದರ ಚಿಮಣಿಯಿಂದ ಹೊಗೆ ಬರುತ್ತಿರಲಿಲ್ಲ, ಕಿಟಕಿಯ ಗಾಜು ಒಡೆದಿತ್ತು. ಗಿರಣಿ ಮುಚ್ಚಿ ಬಹಳ ವರ್ಷವಾಗಿತ್ತಂತೆ. ಓಣಿ ತುಂಬ ಜನ ಇದ್ದರೂ ಯಾರೂ ಇಲ್ಲದ ಹಾಗೆ ಇತ್ತು.

ಮನೆಯ ಒಡತಿ ಎಡ್ನಾ. ಎಪ್ಪತ್ತು ದಾಟಿದ ಮುದುಕಿ, ಬೆನ್ನು ಮಾತ್ರ ಬಾಗಿರಲಿಲ್ಲ. ಬಾಗಿಲು ತೆಗೆದವಳೇ ಏನೋ ಹೇಳಿದಳು. ಅವಳ ಇಂಗ್ಲಿಷು ನಾನು ಪುಸ್ತಕದಲ್ಲಿ ಓದಿದ ಇಂಗ್ಲಿಷಲ್ಲ, ಅರ್ಧ ಶಬ್ದ ನುಂಗಿ ಅರ್ಧ ಉಗುಳುವ ಇಂಗ್ಲಿಷು. ಅದನ್ನು ನಾನು ನಮ್ಮ ಬನಹಟ್ಟಿಯ ಮಾತಿನಲ್ಲೇ ಬರೆಯುತ್ತೇನೆ, ಅದಕ್ಕೇ ಅದು ಹೊಂದುತ್ತದೆ. ಅವಳನ್ನು ಬರೀ ಎಡ್ನಾ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಎಡ್ನಾಬಾಯಿ ಎಂದೆ. ಅವಳಿಗೆ ಅದು ಬಹಳ ಸೇರಿತು.

ಚಹಾ ಮಾಡುವಾಗ ಕೆಟ್ಲಿಯ ಸೀಟಿ ಜೋರಾಯಿತು, ಹೊರಗೆ ಲಾರಿಯೊಂದು ಬಂತು. ನನ್ನ ದನಿ ಮತ್ತೆ ನಿಂತಿರಬೇಕು. ಎಡ್ನಾಬಾಯಿ ಕೆಟ್ಲಿ ಅಲ್ಲೇ ಬಿಟ್ಟು ಸರಕ್ಕನೆ ತಿರುಗಿದಳು. ನನ್ನ ತುಟಿ ನೋಡಿದಳು. ತಾನೂ ತುಟಿಯನ್ನು ದೊಡ್ಡದು ಮಾಡಿ, ದನಿ ಇಲ್ಲದೆ, ಎರಡು ಬೆರಳು ಎತ್ತಿ ಉತ್ತರ ಕೊಟ್ಟಳು: ಸಕ್ಕರಿ ಎರಡು ಚಮಚ, ಹೌದಲ್ಲ?

ಏಳು ಸಮುದ್ರದಾಚೆ ಒಬ್ಬ ಬಿಳಿ ಮುದುಕಿ ನಮ್ಮ ಮಗ್ಗದ ಮನೆಯ ಮಾತು ಆಡುತ್ತಿದ್ದಳು. ಇಲ್ಲಿಯ ಗಿರಣಿಗಳಲ್ಲೂ ಹೀಗೇ ಇತ್ತಂತೆ. ಅವಳು ಹದಿನಾಲ್ಕರ ವಯಸ್ಸಿಗೇ ಮಗ್ಗಕ್ಕೆ ನಿಂತವಳು. ಅವಳಿಗೂ ಕಿವಿ ಅಷ್ಟಕ್ಕಷ್ಟೇ. ಆವತ್ತಿನಿಂದ ನಾವಿಬ್ಬರೂ ಅಡುಗೆಮನೆಯಲ್ಲಿ ಕುಳಿತು ಒಂದು ಶಬ್ದವೂ ಇಲ್ಲದೆ ಹರಟೆ ಹೊಡೆಯುತ್ತಿದ್ದೆವು. ನಾನು ಒಯ್ದ ಖಡಕ್ ರೊಟ್ಟಿಯನ್ನು ಆಕೆ ಬಿಸ್ಕೀಟಿನ ಹಾಗೆ ಚಹಾದಲ್ಲಿ ಅದ್ದಿ ತಿಂದಳು. ನೋಡಲಾಗದೆ ಮುಖ ತಿರುಗಿಸಿದೆ. ಮರುದಿನ ನಾನೂ ಅದ್ದಿದೆ, ಕೆಟ್ಟದೇನಿರಲಿಲ್ಲ.

ತೊಂದರೆ ಆದದ್ದು ರಾತ್ರಿ ಊಟವಾದ ಮೇಲೆ. ಆ ಊರಿನಲ್ಲಿ ಸದ್ದೇ ಇಲ್ಲ. ಮದುವೆಯಾದ ಹೊಸದರಲ್ಲಿ ಗಲಗಲಿಯ ಅತ್ತೆಮನೆಗೆ ಹೋದಾಗಲೂ ಹೀಗೇ ಆಗಿತ್ತು. ಕೃಷ್ಣಾ ದಂಡೆಯ ಊರು, ಹೊಳೆ ಬಿಟ್ಟರೆ ಎಲ್ಲ ಗಪ್‌ಚಿಪ್. ಮಲಗಿದೆನೋ ಇಲ್ಲವೋ ಕಿವಿಯೊಳಗೆ ಮಗ್ಗ ಶುರುವಾಯಿತು, ಖಟ್ಟ ಖಟಕ್, ಖಟ್ಟ ಖಟಕ್. ಇಲ್ಲಿ ಯಾರ ಮಗ್ಗ ಎಂದು ಹೆಂಡತಿಯನ್ನು ಕೇಳಿದಾಗ ಆಕೆ ಹೆದರಿ ತಾಯಿಯನ್ನು ಕರೆದಿದ್ದಳು. ಎಡ್ನಾಬಾಯಿಯ ಮನೆಯಲ್ಲಿ ಅದು ಎಂದಿಗಿಂತ ಜೋರಾಗಿತ್ತು. ಕಿಟಕಿಯಿಂದ ಗಿರಣಿ ಕಾಣುತ್ತಿತ್ತು, ಸದ್ದು ಅಲ್ಲಿಂದಲೇ ಬಂದಂತೆ ಅನ್ನಿಸಿತು. ಪರದೆ ಎಳೆದು ಮಲಗಿದೆ.

ಹುಲ್ಲುಗಾವಲಿನ ಬೋಗುಣಿ

ದೂರದರ್ಶಕ ಎಂದರೆ ಕೊಳವೆ ಇರುತ್ತದೆ, ಕಣ್ಣು ಹಚ್ಚಿ ನೋಡುತ್ತಾರೆ ಎಂದು ನಮ್ಮ ಹುಡುಗರು ತಿಳಿದಿರುತ್ತಾರೆ. ಇದು ಬಿಳಿಯ ಬೋಗುಣಿ. ಹಸುಗಳು ಮೇಯುವ ಬಯಲಿನಲ್ಲಿ ಮುಗಿಲಿಗೆ ಬಾಯಿ ತೆರೆದು ನಿಂತಿದೆ. ಅದರೊಳಗೆ ನಮ್ಮ ಕಾಲೇಜಿನ ಮೈದಾನ ಇಡಬಹುದು. ನಾನು ನೋಡುತ್ತಿದ್ದ ಹಾಗೇ ಅದು ಹೊರಳಿತು. ಅಷ್ಟು ದೊಡ್ಡ ಕಬ್ಬಿಣ ಹೊರಳುವಾಗ ಕಿರ್ರೆನ್ನದೆ ಇರುತ್ತದೆಯೇ? ಪಕ್ಕದವರು ಕಿವಿ ಮುಚ್ಚಿಕೊಂಡರು. ನನಗೆ ಏನೂ ಕೇಳಿಸಲಿಲ್ಲ. ಕನಸಿನಲ್ಲಿ ಗುಡ್ಡ ಸರಿದ ಹಾಗೆ ಅದು ಸರಿಯಿತು. ನನಗೆ ಹೆದರಿಕೆಯಾಯಿತು.

ನಮಗೆ ಪಾಠ ಹೇಳುತ್ತಿದ್ದ ವಿಜ್ಞಾನಿಯ ಹೆಸರು ಮಾರ್ಗರೆಟ್. ನನಗಿಂತ ಚಿಕ್ಕವಳು, ಕಡ್ಡಿಯಂಥ ಹೆಣ್ಣು. ನಾನು ಮುಂದಿನ ಸಾಲಿನಲ್ಲಿ ಕುಳಿತು, ಅರ್ಧ ಕಿವಿಯಿಂದ ಅರ್ಧ ಆಕೆಯ ತುಟಿಯಿಂದ ಪಾಠ ಹಿಡಿಯುತ್ತಿದ್ದೆ. ಹಗಲಿನಲ್ಲಿ ಆಕಾಶ ನೋಡುವುದು ಹೇಗೆಂದು ನಾನು ಕೇಳಿದ್ದಕ್ಕೆ, ರೇಡಿಯೋ ಅಲೆಗೆ ಹಗಲೂ ಒಂದೇ, ಇರುಳೂ ಒಂದೇ ಎಂದಳು. ನಾವು ಹಿಡಿಯಬೇಕಾಗಿದ್ದದ್ದು ಕನ್ಯಾರಾಶಿಯ ದಿಕ್ಕಿನ ಒಂದು ಕ್ವೇಸಾರ್. ಅಲ್ಲಿಂದ ಹೊರಟ ಬೆಳಕು ಇಲ್ಲಿ ಮುಟ್ಟಲು ಇನ್ನೂರು ಕೋಟಿ ವರ್ಷಕ್ಕೂ ಹೆಚ್ಚು ಬೇಕು. ನೋಡಲು ಒಂದು ಸಾದಾ ನಕ್ಷತ್ರದಂತೆ ಕಾಣುತ್ತದೆ. ನಿಜವಾಗಿ ಅದು ಒಂದು ಗ್ಯಾಲಕ್ಸಿಯ ನಡುವಿನ ಚೂರು, ಆದರೆ ಆ ಚೂರೇ ಇಡೀ ಗ್ಯಾಲಕ್ಸಿಯನ್ನು ಮರೆಸುವಷ್ಟು ಉರಿಯುತ್ತದೆ.

"ಅಲ್ಲಿರುವುದು ಎಲ್ಲವನ್ನೂ ನುಂಗುವ ವಸ್ತು. ಬೆಳಕೂ ಹೊರಗೆ ಬರುವುದಿಲ್ಲ," ಎಂದಳು ಮಾರ್ಗರೆಟ್. "ಆದರೂ ನಮಗೆ ಗೊತ್ತಿರುವುದರಲ್ಲಿ ಅತಿ ಪ್ರಕಾಶ ಅದರದೇ. ಒಳಗೆ ಬೀಳುವ ಅನಿಲ ಸುತ್ತಿ ಸುತ್ತಿ, ತಿಕ್ಕಾಡಿ, ಕಾದು, ಬೀಳುವ ಮುಂಚೆ ಒಮ್ಮೆ ಕಿರುಚುತ್ತದೆ. ನಾವು ಕೇಳುವುದು ಆ ಕಿರುಚು. ಕುಳಿಯನ್ನು ಇದುವರೆಗೆ ಯಾರೂ ಕಂಡಿಲ್ಲ."

ಅಷ್ಟೇ ಅಲ್ಲ. ನುಂಗುವ ಆ ಬಾಯಿಯ ಪಕ್ಕದಿಂದಲೇ ಒಂದು ಧಾರೆ ಹೊರಗೆ ಚಿಮ್ಮುತ್ತದೆ. ಗ್ಯಾಲಕ್ಸಿಯನ್ನೇ ದಾಟಿ ಹೋಗುವಷ್ಟು ಉದ್ದ, ಮಗ್ಗಕ್ಕೆ ಹಾಸು ಕಟ್ಟಿದ ನೂಲಿನಷ್ಟು ನೆಟ್ಟಗೆ. ಅದೂ ಒಂದೇ ಕಡೆಗೆ ಕಾಣುತ್ತದೆ, ಇನ್ನೊಂದು ಕಡೆ ಬರೀ ಕತ್ತಲು. ಅಷ್ಟು ದೂರ ಅದನ್ನು ನೆಟ್ಟಗೆ ಹಿಡಿದಿರುವುದು ಯಾವುದೆಂದು ಕೇಳಿದೆ. ಗೊತ್ತಿಲ್ಲ ಎಂದಳು. ನಮ್ಮದೇ ಗ್ಯಾಲಕ್ಸಿಯ ನಡುವೆಯೂ ಇಂಥದ್ದೊಂದು ಇರಬಹುದು, ಆದರೆ ಮಲಗಿದೆ. ದೂರದವು ಎಚ್ಚರ, ಹತ್ತಿರದವು ನಿದ್ದೆ. ಎಬ್ಬಿಸುವುದು ಯಾವುದು, ಮಲಗಿಸುವುದು ಯಾವುದು? ಅದಕ್ಕೂ ಗೊತ್ತಿಲ್ಲ ಎಂದಳು. ಕಲಿಸುವವರು ಇಷ್ಟು ಸಲೀಸಾಗಿ ಗೊತ್ತಿಲ್ಲ ಎಂದದ್ದನ್ನು ನಾನು ನಮ್ಮ ಕಡೆ ನೋಡಿಲ್ಲ, ನಾನೂ ಎಂದವನಲ್ಲ.

ಎರಡು ತರದ ಮೌನ

ಮರುದಿನ ಮಾರ್ಗರೆಟ್ ಇನ್ನೊಂದು ಒಗಟು ತಂದಳು. ಈ ಕ್ವೇಸಾರ್ ಒಂದೇ ಸಮನೆ ಉರಿಯುವುದಿಲ್ಲ. ಕೆಲವೇ ವಾರಗಳಲ್ಲಿ ಏರುತ್ತದೆ, ಇಳಿಯುತ್ತದೆ. ಅದರಿಂದ ಅದು ಬಹಳ ಸಣ್ಣದು ಎಂದು ತಿಳಿಯುತ್ತದೆ ಎಂದಳು. ಅದು ಹೇಗೆಂದು ನಮ್ಮಲ್ಲಿ ಅರ್ಧ ಜನಕ್ಕೆ ಹೊಂದಿಕೆ ಆಗಲಿಲ್ಲ. ಅವರು ಹಿಂದೆ ಮುಂದೆ ಕೇಳುತ್ತಲೇ ಇದ್ದರು. ನನಗೆ ತಾಳ್ಮೆ ಕಡಿಮೆ. ಎದ್ದು ನಿಂತು ನಮ್ಮ ಊರಿನ ಮಾತು ಹೇಳಿದೆ.

ಬನಹಟ್ಟಿಯಲ್ಲಿ ಮಗ್ಗಗಳು ಎರಡು ತರ ನಿಲ್ಲುತ್ತವೆ. ಕರೆಂಟು ಹೋದರೆ ಇಡೀ ಊರು ಒಂದೇ ಗಳಿಗೆಗೆ ಸುಮ್ಮನಾಗುತ್ತದೆ. ಹೆಂಗಸರೆಲ್ಲ ಒಮ್ಮೆಲೇ ಬಾಗಿಲಿಗೆ ಬಂದು ಕಂಬದ ಕಡೆ ನೋಡುತ್ತಾರೆ. ಎರಡನೆಯದು, ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡಾಗ. ಮೊದಲು ಆ ಮನೆಯ ಮಗ್ಗ ನಿಲ್ಲುತ್ತದೆ. ಅದು ನಿಂತದ್ದು ಕೇಳಿ ಬಾಜೂ ಮನೆಯವರು ನಿಲ್ಲಿಸುತ್ತಾರೆ, ಅವರದು ಕೇಳಿ ಆಚೆಯವರು. ಯಾರೂ ಹೇಳಿಕಳಿಸುವುದಿಲ್ಲ. ಮೌನವೇ ಮನೆಯಿಂದ ಮನೆಗೆ ನಡೆದು ಬರುತ್ತದೆ. ಹೆಣ ಎತ್ತುವ ತನಕ ಯಾರೂ ಮಗ್ಗದ ಗುಂಡಿ ಒತ್ತುವುದಿಲ್ಲ. ಓಣಿ ಉದ್ದವಿದ್ದಷ್ಟೂ ಮೌನ ದಾಟಲು ಹೊತ್ತು ಬೇಕು. ಆಕಾಶದಲ್ಲಿ ಯಾವ ಸುದ್ದಿಯೂ ಬೆಳಕಿಗಿಂತ ಬೇಗ ಓಡುವ ಹಾಗಿಲ್ಲ. ಹಾಗಿದ್ದೂ ಅಲ್ಲಿಯ ಓಣಿ ಇಷ್ಟು ಬೇಗ ಸುಮ್ಮನಾಗುತ್ತದೆ ಎಂದರೆ ಅದು ಬಹಳ ಗಿಡ್ಡ ಓಣಿ. ಇಡೀ ಗ್ಯಾಲಕ್ಸಿಯನ್ನು ಮರೆಸುವ ಬೆಂಕಿ ಒಂದು ಗೇಣಿನ ಜಾಗದಲ್ಲಿದೆ.

ಮಾರ್ಗರೆಟ್ ಮೇಜಿನ ಅಂಚಿಗೆ ಕುಳಿತಳು.

"ನಾನು ಇನ್ನೊಂದು ಹೇಳಬೇಕೆಂದಿದ್ದೆ," ಎಂದಳು. "ಇದರಲ್ಲಿ ಏರಿಳಿತ ಎಲ್ಲ ಅಲೆಗಳಲ್ಲಿ ಒಟ್ಟಿಗೆ ಕಾಣುವುದಿಲ್ಲ. ಮೊದಲು ಗಿಡ್ಡ ಅಲೆಗಳಲ್ಲಿ, ಆಮೇಲೆ ಉದ್ದನೆಯವುಗಳಲ್ಲಿ. ಒಂದಾದ ಮೇಲೊಂದು. ನಿಮ್ಮ ಎರಡನೆಯ ಮೌನದ ಹಾಗೆ." ಆಮೇಲೆ, "ಹಾಗಾದರೆ ಅಲ್ಲಿ ತೀರಿಕೊಂಡವರು ಯಾರು?" ಎಂದು ಕೇಳಿ ನಕ್ಕಳು.

ಆಕೆಯ ಜೊತೆ ಬೇರೆ ಯಾರೂ ನಗಲಿಲ್ಲ. ನನಗಂತೂ ಆ ಪ್ರಶ್ನೆ ಎಡ್ನಾಬಾಯಿಯ ಊರಿಗೆ ಮರಳುವ ಬಸ್ಸಿನಲ್ಲೂ ಜೊತೆಗೆ ಬಂತು.

ಗಿರಣಿ

ರವಿವಾರ ಎಡ್ನಾಬಾಯಿ ನನ್ನನ್ನು ಗಿರಣಿಗೆ ಕರೆದುಕೊಂಡು ಹೋದಳು. ಬಾಗಿಲಿಗೆ ಕೀಲಿ ಇತ್ತು, ಗೋಡೆ ಬಿದ್ದಿತ್ತು. ಒಳಗೆ ಮಗ್ಗದ ಸಾಲಿನ ಸಾಲು ಇದ್ದ ಜಾಗ, ಈಗ ಬರೀ ನೆಲ. ಕಬ್ಬಿಣದ ಕಾಲುಗಳು ಊರಿದ್ದ ಕಡೆ ಎಣ್ಣೆಯ ಕರಿ ಕಲೆ ಉಳಿದಿತ್ತು. ಕಟ್ಟಿಹಾಕಿದ ದನಗಳನ್ನು ಮಾರಿದ ಮೇಲೆ ಕೊಟ್ಟಿಗೆ ಇರುತ್ತದಲ್ಲ, ಹಾಗೆ. ಪಾರಿವಾಳ ಹಾರಿದವು. ರೆಕ್ಕೆಯ ಸದ್ದು ನನಗೆ ಬರಲಿಲ್ಲ. ಬಂದದ್ದು ಮಗ್ಗದ್ದೇ.

ಎಡ್ನಾಬಾಯಿ ನನ್ನ ಎದುರು ಬಂದು ನಿಂತು, "ನಿನಗೂ ಕೇಳಸಾಕತ್ತೈತಿ, ಹೌದಿಲ್ಲೋ?" ಎಂದು ತುಟಿಯಾಡಿಸಿದಳು.

ನಾನು ಆ ಸಂಗತಿಯನ್ನು ಆಕೆಗೆ ಹೇಳಿರಲೇ ಇಲ್ಲ. ಹೌದು ಎಂದೆ.

"ಗಿರಣಿ ಮುಚ್ಚಿದ ದಿನಾ ನಾ ಇಲ್ಲೇ ನಿಂತಿದ್ನಿ," ಎಂದಳು. "ಎಲ್ಲಾರೂ ಅಳಾಕತ್ತಿದ್ರು. ನಾ ಬಾಜೂ ಹುಡಿಗಿಗೆ ಕೇಳಿದ್ನಿ, ಯಾಕ ಅಳ್ತೀರಿ, ಮಗ್ಗ ನಡದಾವಲ್ಲ ಅಂತ. ಆಕಿ ನನ್ನ ಕೈ ಹಿಡದು ಮಗ್ಗದ ಮ್ಯಾಲ ಇಟ್ಟಳು. ನಿಂತಿತ್ತು. ಅವತ್ತಿನಿಂದ ನಾ ಕಿವೀನ ನಂಬೂದಿಲ್ಲ ತಮ್ಮಾ, ಕೈ ಇಟ್ಟು ನೋಡ್ತೀನಿ."

ಆಮೇಲೆ ಅವಳು ಕಿಟಕಿಯ ಕಟ್ಟೆಯ ಮೇಲೆ ಬೆರಳಿನಿಂದ ಬಡಿಯತೊಡಗಿದಳು. ತನ್ನ ಕಿವಿಯೊಳಗಿನ ಮಗ್ಗದ ತಾಳ. ನಾನು ಆ ಬೆರಳು ನೋಡಿದೆ. ನನ್ನ ಕಿವಿಯಲ್ಲಿ ಖಟ್ಟ ಅಂದಾಗಲೇ ಬೆರಳು ಬೀಳುತ್ತಿತ್ತು, ಖಟಕ್ ಅಂದಾಗಲೇ ಏಳುತ್ತಿತ್ತು. ಒಂದು ಕೂದಲೆಳೆಯೂ ಆಚೀಚೆ ಇಲ್ಲ. ನಮ್ಮ ಅಣ್ಣ ಈರಪ್ಪನ ಹಳೆಯ ಮಗ್ಗದ ಎರಕದಲ್ಲಿ ಇಂಗ್ಲಿಷ್ ಅಕ್ಷರ ಇದ್ದದ್ದು ನೆನಪಾಯಿತು. ಎಷ್ಟೋ ಕೈ ದಾಟಿ ನಮ್ಮ ಊರಿಗೆ ಬಂದ ಆ ಕಬ್ಬಿಣ ಈ ಕಡೆಯದೇ ಇರಬೇಕು. ಹಾಗೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ, ಆದರೂ ಅಲ್ಲಿ ನಿಲ್ಲಲಾಗಲಿಲ್ಲ. ಹೋಗೋಣ ನಡೀರಿ ಎಂದು ಮೊದಲು ಹೊರಗೆ ಬಂದವನು ನಾನೇ.

ಕೇಳುವ ದಿನ

ನಾನು ಬಂದ ಕೆಲಸದ ದಿನ ಬಂತು. ಮಧ್ಯಾಹ್ನ ಎಲ್ಲರನ್ನೂ ಕಂಟ್ರೋಲ್ ರೂಮಿಗೆ ಕರೆದರು. ಗೋಡೆಗೆ ಧ್ವನಿವರ್ಧಕ, ಮೇಜಿನ ಮೇಲೆ ಕಾಗದದ ಸುರುಳಿ, ಅದರ ಮೇಲೆ ತಾನೇ ಓಡುವ ಪೆನ್ನು. ನಾನು ಮುಂಜಾನೆಯಿಂದ ಯಾರ ಜೊತೆಗೂ ಮಾತಾಡದೆ ಕಿವಿಯನ್ನು ಉಳಿಸಿಕೊಂಡಿದ್ದೆ. ಎಲ್ಲರಿಗಿಂತ ಮುಂದೆ, ಧ್ವನಿವರ್ಧಕದ ಕೆಳಗೇ ಕುರ್ಚಿ ಹಾಕಿಕೊಂಡು ಕುಳಿತೆ.

ಮಾರ್ಗರೆಟ್ ಮೊದಲೇ ಹೇಳಿದ್ದಳು. ಯಂತ್ರಕ್ಕೆ ತನ್ನದೇ ಒಂದು ಸದ್ದು ಇರುತ್ತದೆ, ಬರೀ ಹುಸ್ಸೆಂಬ ಸದ್ದು. ಬೋಗುಣಿ ಕ್ವೇಸಾರಿನ ಮೇಲೆ ಬಂದಾಗ ಅದು ಸ್ವಲ್ಪ ಏರುತ್ತದೆ. ಸರಿದಾಗ ಇಳಿಯುತ್ತದೆ. ಆ ಏರಿದಷ್ಟು ಮಾತ್ರ ಆಕಾಶದ್ದು.

ಬೋಗುಣಿ ಸರಿಯಿತು. ಪೆನ್ನು ಮೇಲೆ ಹತ್ತಿತು. ಸುತ್ತ ಕುಳಿತವರ ಮುಖಗಳು ಒಮ್ಮೆಲೇ ಬದಲಾದವು. ಒಬ್ಬಳು ಹುಬ್ಬು ಎತ್ತಿದಳು, ಒಬ್ಬ ಬಾಯಿ ತೆರೆದ. ನಾನು ಉಸಿರು ಹಿಡಿದು ಕೇಳಿದೆ. ಖಟ್ಟ ಖಟಕ್, ಖಟ್ಟ ಖಟಕ್. ಬೋಗುಣಿಯನ್ನು ಸರಿಸಿದರು. ಪೆನ್ನು ಇಳಿಯಿತು, ಮುಖಗಳು ಸಡಿಲವಾದವು. ನನಗೆ ಅದೇ ಖಟ್ಟ ಖಟಕ್. ಮತ್ತೆ ತಂದರು, ಮತ್ತೆ ಒಯ್ದರು. ನನ್ನದು ಏರಲೂ ಇಲ್ಲ, ಇಳಿಯಲೂ ಇಲ್ಲ.

"ಕೇಳಿಸಿತೇ?" ಎಂದು ಮಾರ್ಗರೆಟ್ ನನ್ನ ಕಡೆ ಬಾಗಿದಳು.

ಇಲ್ಲ ಎಂದೆ. ಆಕೆ ಇನ್ನೂ ಕಾಯುತ್ತಲೇ ಇದ್ದಳು. ದನಿ ಬಂದಿರಲಿಲ್ಲ ಎಂದು ತಿಳಿದು ಎರಡನೆಯ ಸಲ ದನಿ ಹಚ್ಚಿ ಹೇಳಬೇಕಾಯಿತು. ಆಮೇಲೆ ಎದ್ದು ಹೊರಗೆ ಹೋದೆ. ಐವತ್ತು ದಾಟಿದ ಮನುಷ್ಯ ಹಸುಗಳ ಎದುರು ನಿಂತು ಅತ್ತೆ. ಇಷ್ಟು ದೂರ ಬಂದು ನಾನು ಕೇಳಿದ್ದು ನನ್ನನ್ನೇ.

ಮಾರ್ಗರೆಟ್ ಹಿಂದೆಯೇ ಬಂದಳು. ಕಿವಿಯ ಸಂಗತಿ ಎಲ್ಲ ಹೇಳಿದೆ. ಆಕೆ ಸಮಾಧಾನದ ಮಾತು ಆಡಲಿಲ್ಲ, ಅದಕ್ಕೇ ಆಕೆಯ ಮೇಲೆ ನನಗೆ ಗೌರವ. "ಸದ್ದಿಲ್ಲದ ಯಂತ್ರವನ್ನು ನಾವು ಇದುವರೆಗೆ ಕಟ್ಟಿಲ್ಲ," ಎಂದಳು. "ನಮ್ಮ ಸದ್ದನ್ನು ನಿಲ್ಲಿಸಲು ಬರುವುದಿಲ್ಲ. ಎಷ್ಟು ನಮ್ಮದು ಎಂದು ಗುರುತಿಸಿ ಬದಿಗೆ ಇಡುತ್ತೇವೆ. ಉಳಿದದ್ದನ್ನು ಪೆನ್ನಿನಿಂದ ನೋಡುತ್ತೇವೆ."

ಹೊರಡುವ ದಿನ ಎಡ್ನಾಬಾಯಿ ಬಸ್ಸಿನ ತನಕ ಬಂದಳು. ಕಿಟಕಿಯ ಗಾಜು ಮುಚ್ಚಿತ್ತು, ಎಂಜಿನ್ ಗುರುಗುಟ್ಟುತ್ತಿತ್ತು. ಬೇರೆಯವರೆಲ್ಲ ಬರೀ ಕೈ ಬೀಸಿದರು. ನಾವಿಬ್ಬರು ಬಸ್ಸು ತಿರುಗುವ ತನಕ ಮಾತಾಡಿದೆವು.

"ಕೈ ಇಟ್ಟು ನೋಡು," ಎಂದದ್ದು ಆಕೆಯ ಕೊನೆಯ ಮಾತು.

ಬನಹಟ್ಟಿ

ಊರಿಗೆ ಬಂದವನು ಚೀಲ ಇಳಿಸಿ ಮೊದಲು ಹೋದದ್ದು ಮಲ್ಲಪ್ಪಕಾಕಾನ ಮನೆಗೆ. ಕಟ್ಟೆಯ ಮೇಲೆ ಕುಳಿತಿದ್ದ. ಎಲ್ಲ ಹೇಳಿದೆ. ಎಡ್ನಾಬಾಯಿಯ ಬೆರಳು, ಗಿರಣಿಯ ಎಣ್ಣೆಯ ಕಲೆ, ನುಂಗುವ ಮೊದಲು ಕಿರುಚಿಸುವ ಕುಳಿ. ನನ್ನ ತುಟಿಯಿಂದ ಅವನ ಕಣ್ಣು ಕದಲಲಿಲ್ಲ.

"ಖರೇ ಹೇಳು. ಕೇಳಿಸ್ತೇನಲೇ?"

"ಇಲ್ಲ ಕಾಕಾ. ಮಂದಿಗೆಲ್ಲಾ ಕೇಳಿಸ್ತು. ನನಗ ಬರೇ ಮಗ್ಗ."

"ನನಗೂ ಅದ," ಎಂದ. "ಹೊರಗಿಂದು ಎಲ್ಲಾ ಹೋಗಿ ಎಷ್ಟೋ ವರ್ಷ ಆತು. ಇದೊಂದು ನಿಂತಿಲ್ಲ. ಅಷ್ಟ ಶ್ಯಾಣ್ಯಾ ಮಂದಿ ಇದ್ರಲ್ಲ ಅಲ್ಲೆ, ಇದನ್ನ ನಿಂದರಸೂ ಗುಂಡಿ ಎಲ್ಲೈತಿ ಅಂತ ಕೇಳಕೊಂಡ ಬರಬೇಕಿಲ್ಲೇನು?"

ಇಬ್ಬರೂ ನಕ್ಕೆವು. ಆ ಮಾತನ್ನು ಕೇಳಿಕೊಂಡು ಬರಬೇಕಿತ್ತೆಂದು ನನಗೂ ಅನ್ನಿಸಿತು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಕುಳಿತು ಪಾಠಕ್ಕೆ ತಯಾರಿ ಮಾಡುತ್ತಿದ್ದೆ. ಕೆಳಗೆ ಈರಪ್ಪಣ್ಣನ ಮಗ್ಗಗಳು, ಓಣಿಯ ಮಗ್ಗಗಳು, ಎಂದಿನ ಸದ್ದು. ಕಣ್ಣೆತ್ತಿ ಕಿಟಕಿಯಿಂದ ನೋಡಿದೆ. ಓಣಿಯ ತುದಿಯಲ್ಲಿ ಒಬ್ಬ ಹೆಂಗಸು ಬಾಗಿಲಿಗೆ ಬಂದು ನಿಂತಳು. ಸ್ವಲ್ಪ ಹೊತ್ತಿಗೆ ಬಾಜೂ ಮನೆಯವಳು. ಆಮೇಲೆ ಅದರಾಚೆಯ ಮನೆಯವಳು. ಯಾರೂ ಕಂಬದ ಕಡೆ ನೋಡಲಿಲ್ಲ. ಸೆರಗು ಹೊದ್ದುಕೊಂಡರು. ಒಂದಾದ ಮೇಲೊಂದು ಬಾಗಿಲು, ನಮ್ಮ ಮನೆಯ ಕಡೆಗೇ ಬರುತ್ತಿತ್ತು. ನನ್ನ ಕಿವಿಯಲ್ಲಿ ಮಗ್ಗಗಳು ತುಂಬಿ ನಡೆದಿದ್ದವು.

ದಡದಡ ಕೆಳಗಿಳಿದೆ. ಈರಪ್ಪಣ್ಣ ಗುಂಡಿಯ ಮೇಲೆ ಕೈ ಇಟ್ಟುಕೊಂಡು ಗೋಡೆಗೆ ಒರಗಿದ್ದ. ಲಾಳಿ ನೂಲಿನ ನಡುವೆಯೇ ನಿಂತಿತ್ತು. ಯಾರು ಎಂದು ಕೇಳಿದೆ. ಅವನು ತುಟಿಯನ್ನು ಮಾತ್ರ ಆಡಿಸಿದ, ಹೆಸರು ತಿಳಿಯಿತು, ಮಲ್ಲಪ್ಪಕಾಕಾ.

ನಾನು ನಂಬಲಿಲ್ಲ. ಮಗ್ಗದ ಮೇಲೆ ಕೈ ಇಟ್ಟೆ. ಕಬ್ಬಿಣ ಇನ್ನೂ ಬೆಚ್ಚಗಿತ್ತು, ಅದುರುತ್ತಿರಲಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗಿ ಕೈ ಇಟ್ಟು ನೋಡಿದೆ. ಎಲ್ಲ ನಿಂತಿದ್ದವು. ಕಾಕಾನ ಸಲುವಾಗಿ ಇಡೀ ಓಣಿ ಮಗ್ಗ ನಿಲ್ಲಿಸಿತ್ತು. ಅವನ ಕಿವಿಯೊಳಗಿನದು ನಿಂತಿತೋ ಇಲ್ಲವೋ, ಇನ್ನು ಯಾರನ್ನು ಕೇಳಲಿ? ನನ್ನದು ನಡೆದೇ ಇತ್ತು.